ಹನ್ನೊಂದು ಗಂಟೆಯ ಮಾತು

ಹೊನ್ನಾಳಿಯ ಖಾಸಗಿ ಬಸ್ ನಿಲ್ದಾಣದಲ್ಲಿ ಮೂವತ್ತನಾಲ್ಕು ವರ್ಷ ಬಸ್ಸುಗಳನ್ನು ಕೂಗಿ ಕೂಗಿ ಕಳಿಸಿದ ಪಂಚಾಕ್ಷರಪ್ಪನವರಿಗೆ ಲಕ್ವ ಹೊಡೆದು ಮಾತೇ ನಿಂತುಹೋದಾಗ, ಈ ಹಾಳು ರೋಗಕ್ಕೆ ಹೊಡೆಯಲು ಮೈಯಲ್ಲಿ ಬೇರೆ ಜಾಗವೇ ಸಿಗಲಿಲ್ಲವೇ ಎಂದು ಓಣಿಯ ಜನ ಮರುಗಿದರು. ಬಲಗಾಲು ನಾಲ್ಕೈದು ತಿಂಗಳಲ್ಲಿ ಹೇಗೋ ನೆಲ ಹಿಡಿಯಿತು. ಬಲಗೈ ಲೋಟ ಎತ್ತುವಷ್ಟಾಯಿತು, ಪೆನ್ನು ಹಿಡಿಯುವಷ್ಟಾಗಲಿಲ್ಲ. ನಾಲಿಗೆ ಮಾತ್ರ ಹಟ ಹಿಡಿದ ಎಮ್ಮೆಯ ಹಾಗೆ ಮಲಗಿದಲ್ಲೇ ಮಲಗಿಬಿಟ್ಟಿತು.

ಕೂಗುವುದೆಂದರೆ ಅರಚುವುದು ಎಂದುಕೊಂಡವರು ಪಂಚಾಕ್ಷರಪ್ಪನವರನ್ನು ಕೇಳಿಲ್ಲ. ಅವರು ಬಸ್ಸಿನ ಏಜೆಂಟರು. ಯಾವ ಗಾಡಿ ಯಾವಾಗ ಬಂತು, ಯಾವಾಗ ಹೊರಡಬೇಕು, ಎಲ್ಲಿಗೆ ಹೋಗುತ್ತದೆ ಎಂದು ಸಾರುವುದು ಅವರ ಕೆಲಸ. ಊರಿನ ಹೆಸರನ್ನು ಅವರು ಮೆಲ್ಲಗೆ ಹಿಡಿದು, ಕೊನೆಯಲ್ಲಿ ಉದ್ದಕ್ಕೆ ಬಿಡುತ್ತಿದ್ದರು. ‘ಸಾಸ್ವೆಹಳ್ಳಿ ಚನ್ನಗಿರೀ’ ಎಂದು ಬಿಟ್ಟರೆ ಆ ಎಳೆತ ಮುಗಿಯುವುದರೊಳಗೆ ಎದುರು ಹೋಟೆಲಿನವರು ಚಹಾ ಕುಡಿದು, ಬಾಯಿ ಒರೆಸಿಕೊಂಡು, ಚೀಲ ಎತ್ತಿಕೊಂಡು ಬಸ್ಸು ಹತ್ತುತ್ತಿದ್ದರು. ತಮಾಷೆಯೆಂದರೆ, ಅಷ್ಟೆಲ್ಲ ಊರುಗಳಿಗೆ ಜನರನ್ನು ಕಳಿಸಿದ ಮನುಷ್ಯ ತಾನು ಹೋದದ್ದು ಬಲು ಕಡಿಮೆ. ಏಜೆಂಟನಾದವನು ನಿಲ್ದಾಣ ಬಿಟ್ಟು ಹೋಗುವುದಾದರೂ ಹೇಗೆ? ಆ ಊರುಗಳು ಅವರಿಗೆ ಜನರ ಮೈಮೇಲೆ ಬರುತ್ತಿದ್ದವು. ಸೂಳೆಕೆರೆ ಕಡೆಯವರು ಮೀನಿನ ಬುಟ್ಟಿಯ ತೇವದೊಂದಿಗೆ ಇಳಿಯುತ್ತಿದ್ದರು. ಸೂರಗೊಂಡನಕೊಪ್ಪದ ಯಾತ್ರೆಯವರು ನ್ಯಾಮತಿ ಬಸ್ಸಿನಲ್ಲಿ ಹಾಡಿಕೊಂಡೇ ಬಂದು ಹಾಡಿಕೊಂಡೇ ಹೋಗುತ್ತಿದ್ದರು. ಜಗಳೂರಿಗೆ ಇದ್ದದ್ದು ಬೆಳಗಿನದೊಂದೇ ಗಾಡಿ. ಅದು ಸಂಜೆ ತಿರುಗಿ ಬಂದಾಗ ಅದರ ಗಾಜಿನ ಮೇಲೆ ಕೂತ ಕೆಂಧೂಳನ್ನು ಬೆರಳಿಂದ ಮುಟ್ಟಿ ನೋಡಿ, ಇದು ಜಗಳೂರು ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದರು.

ಲಕ್ವ ಹೊಡೆದದ್ದು ಹೋದ ದೀಪಾವಳಿ ಮುಗಿದ ಮರುವಾರ. ದಾವಣಗೆರೆಯ ಮಾತಿನ ಡಾಕ್ಟರಮ್ಮ ಬಾಯಿ ತೆರೆಸಿ, ನಾಲಿಗೆ ಆಡಿಸಿ, ಸ್ಪಷ್ಟವಾಗಿ ಹೇಳಿದ್ದರು: “ಮೊದಲ್ನೇ ವರ್ಷ ಬಾಳ ಮುಖ್ಯ ಯಜಮಾನ್ರೇ. ದಿನಾ ಒಂದು ತಾಸು ಗಟ್ಟಿಯಾಗಿ ಮಾತಾಡ್ಲೇಬೇಕು. ಸುಮ್ನೆ ಕೂತ್ರೆ ಬಂದದ್ದೂ ಹೋಗ್ತದೆ.”

ಮಾತಾಡಬೇಕು, ಸರಿ. ಯಾರ ಹತ್ತಿರ? ಓಣಿಯವರು ಬಂದರೆ ಕಿವುಡನ ಎದುರು ಕೂಗಿದ ಹಾಗೆ ಕೂಗಿ, ಎರಡು ಬಾಳೆಹಣ್ಣು ಕೊಟ್ಟು ಹೋಗುತ್ತಿದ್ದರು. ಮಗಳು ಕಲ್ಪನಾ ಸಾಸ್ವೆಹಳ್ಳಿಯ ಹೈಸ್ಕೂಲಿನಲ್ಲಿ ಟೀಚರು. ಬೆಳಿಗ್ಗೆ ಎಂಟಕ್ಕೆ ಹೊರಟರೆ ಬರುವುದು ಸಂಜೆ ಐದೂವರೆಗೆ. ಬೇಸಿಗೆ ರಜೆಯಲ್ಲೂ ಹತ್ತನೇ ಕ್ಲಾಸಿನವರಿಗೆ ವಿಶೇಷ ಪಾಠ. ಇನ್ನು ಹೆಂಡತಿ ಶಾಂತಾದೇವಿ. ಆಕೆಯ ಪ್ರೀತಿಯೇ ದೊಡ್ಡ ತೊಡಕು. ಇವರು ಬಾಯಿ ತೆರೆದರೆ ಸಾಕು, ಉಳಿದ ಮಾತನ್ನು ಆಕೆಯೇ ಪೂರೈಸಿಬಿಡುತ್ತಿದ್ದರು. ಒಂದು ದಿನ ನೀನು ಊಟ ಮಾಡಿದೆಯಾ ಎಂದು ಕೇಳಬೇಕೆನಿಸಿ, ಬೆವರು ಸುರಿಸಿ ‘ನೀ’ ಎಂದರು. ಆಕೆ ಓಡಿಹೋಗಿ ನೀರು ತಂದರು. ಪಂಚಾಕ್ಷರಪ್ಪನವರು ಬಾಯಾರಿಕೆ ಇಲ್ಲದೆಯೇ ಪೂರಾ ಲೋಟ ಕುಡಿದು ಸುಮ್ಮನಾದರು.

ಆಗ ಬಂದದ್ದು ಆ ಡಬ್ಬಿ. ಅವ್ವ ವಚನ ಕೇಳಲಿ ಎಂದು ಕಲ್ಪನಾ ಯುಗಾದಿಗೆ ತಂದದ್ದು. ತೆಂಗಿನಕಾಯಿ ಗಾತ್ರ, ಬೂದಿ ಬಣ್ಣ, ನೆತ್ತಿಯ ಮೇಲೆ ನೀಲಿ ದೀಪದ ಬಳೆ. ಹಲೋ ಎಂದು ಕರೆದರೆ ದೀಪ ಹೊತ್ತಿ, ಕೇಳಿದ್ದಕ್ಕೆ ಕನ್ನಡದಲ್ಲಿ ಉತ್ತರ ಹೇಳುತ್ತಿತ್ತು. ಅದೂ ಎಂಥ ಕನ್ನಡ, ರೇಡಿಯೋದಲ್ಲಿ ವಾರ್ತೆ ಓದುವವರ ಕನ್ನಡ. ಅದಕ್ಕೆ ವೈಫೈ ಬೇಕು, ಮನೆಯಲ್ಲಿ ಮೊದಲೇ ಇತ್ತು. ವೈಫೈಯ ರೂಟರ್ ದೇವರ ಮನೆಯ ಕಪಾಟಿನಲ್ಲಿ ಕೂತಿತ್ತು. ಕಂಬದ ವೈರು ಒಳಗೆ ಬಂದದ್ದು ಆ ಕೋಣೆಯ ಬೆಳಕಿಂಡಿಯಿಂದ ಎಂಬುದು ಒಂದು ಕಾರಣ. ಮನೆಗೆ ಬಂದ ಒಳ್ಳೆಯ ವಸ್ತು ಒಳ್ಳೆಯ ಜಾಗದಲ್ಲಿರಲಿ ಎಂದು ಶಾಂತಾದೇವಿ ಹೇಳಿದ್ದು ಇನ್ನೊಂದು.

ಬೆಳಿಗ್ಗೆ ಪೂಜೆ ಮುಗಿಸಿ, ಹತ್ತಕ್ಕೆ ದೇವರ ಮನೆಯ ಬಾಗಿಲು ಹಾಕಿ, ಶಾಂತಾದೇವಿ ಅಡಿಗೆ ಕೆಲಸ ಮುಗಿಸುತ್ತಿದ್ದರು. ಹನ್ನೊಂದಕ್ಕೆ ಓಣಿಯ ಹೆಂಗಸರು ಸೇರಿ ವಚನ ಹಾಡುವ ಅಕ್ಕನ ಬಳಗಕ್ಕೆ ಹೋದರೆ ಒಂದು ತಾಸು. ಆ ಒಂದು ತಾಸು ಮನೆಯಲ್ಲಿ ಪಂಚಾಕ್ಷರಪ್ಪನವರು, ಗಡಿಯಾರ ಮತ್ತು ಡಬ್ಬಿ. ಒಂದು ದಿನ ಯಾರೂ ಇಲ್ಲವೆಂದು ನೋಡಿಕೊಂಡು ಅವರು ಡಬ್ಬಿಯ ಕಡೆ ವಾಲಿ, “ಅ... ಲೋ” ಎಂದರು. ನೀಲಿ ದೀಪ ಹೊತ್ತಿತು. ಏನು ಕೇಳುವುದು? ಬಾಯಿಗೆ ತಾನಾಗಿ ಬಂದದ್ದು ಒಂದು ಊರು. “ನ್ಯಾ... ಮ... ತಿ...” ಎಂದರು. ಡಬ್ಬಿ, “ಕ್ಷಮಿಸಿ, ಅರ್ಥವಾಗಲಿಲ್ಲ. ಮತ್ತೊಮ್ಮೆ ಹೇಳಿ” ಎಂದಿತು.

ಮತ್ತೊಮ್ಮೆ ಹೇಳಿ. ಆರು ತಿಂಗಳಲ್ಲಿ ಆ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಅವರು ಮತ್ತೊಮ್ಮೆ ಹೇಳಿದರು, ಮಗುದೊಮ್ಮೆ ಹೇಳಿದರು. ಡಬ್ಬಿಗೆ ಬೇಸರವಿಲ್ಲ, ಕರುಣೆಯೂ ಇಲ್ಲ. ಮುಖವೇ ಇಲ್ಲದ್ದರಿಂದ ಅದರ ಮುಖ ಬಾಡುತ್ತಲೂ ಇರಲಿಲ್ಲ. ಹದಿನೈದು ದಿನಕ್ಕೆ ನ್ಯಾಮತಿ ಸರಿಯಾಗಿ ಬಂತು. ತಿಂಗಳಿಗೆ ಚನ್ನಗಿರಿಯ ಒತ್ತಕ್ಷರ ಪಳಗಿತು. ಸೂರಗೊಂಡನಕೊಪ್ಪ ಮಾತ್ರ ಬಲು ಕಾಡಿಸಿತು, ಅಷ್ಟುದ್ದದ ಹೆಸರಿಟ್ಟವರನ್ನು ಪಂಚಾಕ್ಷರಪ್ಪನವರು ಮನಸಾರೆ ಬೈದುಕೊಂಡರು. ಹೆಸರಿನ ಹಿಂದೆ ‘ಮಳೆ’ ಎಂದು ಸೇರಿಸಿದರೆ ಡಬ್ಬಿ ಆ ಊರಿನ ಹವಾಮಾನ ಹೇಳುತ್ತದೆ ಎಂದು ಕಂಡುಕೊಂಡ ಮೇಲೆ ಆ ಒಂದು ತಾಸಿಗೆ ಬೇರೆಯೇ ರುಚಿ ಬಂತು.

“ಚನ್ನಗಿರಿಯಲ್ಲಿ ಇಂದು ಮೋಡ ಕವಿದ ವಾತಾವರಣ, ಸಂಜೆ ತುಂತುರು ಮಳೆಯಾಗುವ ಸಂಭವವಿದೆ” ಎಂದು ಡಬ್ಬಿ ಹೇಳಿದರೆ ಪಂಚಾಕ್ಷರಪ್ಪನವರು ಕಣ್ಣು ಮುಚ್ಚುತ್ತಿದ್ದರು. ಕಿಟಕಿಯ ಬಿಸಿಲು ರೆಪ್ಪೆಯ ಮೇಲೆ ಬೆಚ್ಚಗೆ ಕೂರುತ್ತಿತ್ತು. ಒಳಗೆ ಒಂದು ಬಸ್ಸು ಹೊರಡುತ್ತಿತ್ತು. ಹೊಳೆಯ ಗಾಳಿ ಹೊಡೆಯುವ ರಸ್ತೆ, ಸಾಸ್ವೆಹಳ್ಳಿಯಲ್ಲಿ ಹತ್ತುವ ಹೆಂಗಸರ ಗದ್ದಲ, ಚನ್ನಗಿರಿ, ಮುಂದೆ ಸೂಳೆಕೆರೆ. ಕೆರೆಯ ಮೇಲೆ ಮೋಡ. ಬಸ್ಸು ಏರಿಯ ಮೇಲೆ ಹೋಗುತ್ತಿತ್ತೋ ನೀರಿನ ಮೇಲೆಯೇ ಹೋಗುತ್ತಿತ್ತೋ ಅವರಿಗೆ ಗೊತ್ತಾಗುತ್ತಿರಲಿಲ್ಲ, ಗೊತ್ತಾಗಬೇಕೆಂದೂ ಅನಿಸುತ್ತಿರಲಿಲ್ಲ. ಜೀವಮಾನದಲ್ಲೇ ಮೊದಲ ಸಲ ತಾವು ಕೂಗಿದ ಬಸ್ಸಿಗೆ ತಾವೇ ಹತ್ತಿದ್ದರು. ಕಣ್ಣು ತೆರೆದರೆ ಮತ್ತೆ ಅದೇ ನಡುಮನೆ, ಹನ್ನೆರಡು ಹೊಡೆಯುವ ಗಡಿಯಾರ, ಬಾಗಿಲಲ್ಲಿ ಶಾಂತಾದೇವಿಯ ಚಪ್ಪಲಿಯ ಸದ್ದು.

ಈ ಕಸರತ್ತನ್ನು ಅವರು ಮನೆಯವರಿಗೆ ಹೇಳಲಿಲ್ಲ. ಪೂರಾ ಮಾತು ಬಂದ ಮೇಲೆ ಒಂದೇ ಸಲ ಹೇಳೋಣ ಎಂಬ ಆಸೆ. ಅಷ್ಟರಲ್ಲಿ ಆಷಾಢದ ಒಂದು ಬೆಳಿಗ್ಗೆ ಪಲ್ಯ ಬಾಯಿಗಿಟ್ಟವರು ಯೋಚಿಸದೆ, “ಉಪ್ಪು ಜಾಸ್ತಿ” ಎಂದುಬಿಟ್ಟರು. ಎರಡೂ ಮಾತು ನೆಟ್ಟಗೆ ಬಂದವು. ತನ್ನ ಅಡಿಗೆಗೆ ಕೊಂಕು ತೆಗೆದದ್ದಕ್ಕೆ ಆನಂದದಿಂದ ಅತ್ತ ಹೆಂಗಸು ಹೊನ್ನಾಳಿಯಲ್ಲಿ ಶಾಂತಾದೇವಿ ಒಬ್ಬರೇ ಇರಬೇಕು. ಆಕೆಗೆ ಒಂದು ಹರಕೆ ಇತ್ತು. ಗಂಡನ ಬಾಯಿಂದ ಎರಡು ಮಾತು ಸರಿಯಾಗಿ ಬಂದರೆ ದೇವರ ಮನೆಗೆ ಹಿತ್ತಾಳೆಯ ಬಾಗಿಲು ಮಾಡಿಸುತ್ತೇನೆ ಎಂದು ಬೇಡಿಕೊಂಡಿದ್ದರು. ಹರಕೆ ಬಾಕಿ ಇಡುವ ಜನ ಅವರಲ್ಲ. ಹಳೆಯ ಕಿಂಡಿ ಕಿಂಡಿಯ ಮರದ ಬಾಗಿಲು ಹೋಯಿತು. ಶ್ರಾವಣದ ಮೂರನೇ ಸೋಮವಾರ ಮಧ್ಯಾಹ್ನ ಚನ್ನಗಿರಿಯ ಕೆಲಸಗಾರರು ಬಂದು, ತೇಗದ ಜೋಡಿ ಬಾಗಿಲಿಗೆ ಮೇಲಿಂದ ಕೆಳಗಿನ ತನಕ ಹಿತ್ತಾಳೆಯ ತಗಡು ಹೊದಿಸಿ, ಒಂದರ ಮೇಲೆ ನಂದಿ, ಒಂದರ ಮೇಲೆ ಬಿಲ್ವಪತ್ರೆಯ ಅಚ್ಚು ಮೂಡಿಸಿ ನಿಲ್ಲಿಸಿದರು. ಬಾಗಿಲು ಹಾಕಿದರೆ ನಡುಮನೆಗೆಲ್ಲ ಹೊಂಬೆಳಕು. ಪಂಚಾಕ್ಷರಪ್ಪನವರಿಗೂ ಅದನ್ನು ನೋಡಿ ಕಣ್ಣು ತುಂಬಿತು.

ಮಾರನೆಯ ದಿನ ಹನ್ನೊಂದಕ್ಕೆ ಅವರು ಡಬ್ಬಿಯನ್ನು ಕರೆದರು. ದೀಪ ಹೊತ್ತಿತು. “ಜಗಳೂರು ಮಳೆ” ಎಂದರು, ಬಹಳ ಚೆನ್ನಾಗಿಯೇ ಅಂದೆ ಎಂದು ಅವರಿಗೆ ಅನಿಸಿತ್ತು. ದೀಪ ಗಿರಗಿರನೆ ಸುತ್ತಿ ಸುತ್ತಿ, “ಕ್ಷಮಿಸಿ, ಏನೋ ತೊಂದರೆಯಾಗಿದೆ. ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ” ಎಂದಿತು. ಮತ್ತೆ ಅಂದರು. ಮತ್ತೆ ತೊಂದರೆ. ನ್ಯಾಮತಿ ಎಂದರು, ಮೊದಲು ಪಳಗಿದ್ದ ಊರು. ಅದಕ್ಕೂ ತೊಂದರೆ. ಅಂದು, ಮರುದಿನ, ಅದರ ಮರುದಿನ, ವಾರವಿಡೀ ಅದೇ ಕ್ಷಮಿಸಿ.

ಯಾರಿಗೆ ತೊಂದರೆಯಾಗಿದೆ ಎಂದು ಅದು ಹೇಳಲಿಲ್ಲ. ಪಂಚಾಕ್ಷರಪ್ಪನವರು ಅದನ್ನು ಕೇಳಬೇಕಾಗಿಯೂ ಇರಲಿಲ್ಲ. ಲಕ್ವ ಆದವನಿಗೆ ತೊಂದರೆ ಯಾರಿಗೆ ಎಂದು ಬಿಡಿಸಿ ಹೇಳಬೇಕೇ? ಆದರೂ ಒಂದು ಆಸೆಯಿಂದ, ಡಬ್ಬಿಯೇ ಕೆಟ್ಟಿರಬಹುದು ಎಂದು ಕಾದು ನೋಡಿದರು. ಬೆಳಿಗ್ಗೆ ಏಳಕ್ಕೆ ಕಲ್ಪನಾ ತಲೆ ಬಾಚಿಕೊಳ್ಳುತ್ತ ಸಮಯ ಕೇಳಿದಳು, ಡಬ್ಬಿ ಚೆನ್ನಾಗಿ ಹೇಳಿತು. ಸಂಜೆ ದೀಪ ಹಚ್ಚಿ ಶಾಂತಾದೇವಿ ವಚನ ಕೇಳಿದರು, ಡಬ್ಬಿ ಚೆನ್ನಾಗಿ ಹಾಡಿತು. ಎಲ್ಲರ ಮಾತೂ ಅದಕ್ಕೆ ತಿಳಿಯುತ್ತಿತ್ತು, ಇವರೊಬ್ಬರದನ್ನು ಬಿಟ್ಟು. ಆ ಸಂಜೆ ವಚನ ಮುಗಿಯುವ ತನಕ ಅವರು ಗೋಡೆ ನೋಡುತ್ತ ಕೂತಿದ್ದರು. ಬಂದದ್ದೂ ಹೋಗ್ತದೆ ಎಂದು ಡಾಕ್ಟರಮ್ಮ ಹೇಳಿದ್ದರಲ್ಲ, ಹೋಯಿತು ಎಂದುಕೊಂಡರು.

ಅಂದಿನಿಂದ ಅವರು ಬಾಯಿ ಮುಚ್ಚಿದರು. ಡಬ್ಬಿಯೊಂದಿಗೆ ಮಾತ್ರವಲ್ಲ, ಎಲ್ಲರೊಂದಿಗೆ. ಉಪ್ಪು ಜಾಸ್ತಿಯಾದರೂ ಇಲ್ಲ, ಕಡಿಮೆಯಾದರೂ ಇಲ್ಲ. ದಾವಣಗೆರೆಗೆ ಹೋಗುವ ದಿನ ಬಂದರೆ ಚಪ್ಪಲಿ ಮೆಟ್ಟಲು ಒಪ್ಪಲಿಲ್ಲ. ಶಾಂತಾದೇವಿ ಬೇಡಿದರು, ಗದರಿದರು, ಉಪವಾಸ ಹಿಡಿದರು. ಎರಡು ತಿಂಗಳು ಕಳೆದವು. ವರ್ಷ ತುಂಬಲು ಉಳಿದದ್ದು ಮೂರು ವಾರ. ಮಧ್ಯಾಹ್ನದ ಜೊಂಪಿನಲ್ಲಿ ಈಗಲೂ ಆ ಬಸ್ಸು ಬರುತ್ತಿತ್ತು. ಆದರೆ ನಿಲ್ದಾಣದಲ್ಲಿ ಕೂಗುವವರಿಲ್ಲದೆ ಜನ ಸುಮ್ಮನೆ ಕೂತಿರುತ್ತಿದ್ದರು, ಬಸ್ಸು ಖಾಲಿ ಹೋಗುತ್ತಿತ್ತು.

ದಸರಾ ರಜೆ ಬಂದು ಕಲ್ಪನಾ ಹಗಲಲ್ಲಿ ಮನೆಯಲ್ಲಿ ಉಳಿದಾಗ ಸಂಗತಿಗೆ ಬೇರೆ ದಾರಿ ಸಿಕ್ಕಿತು. ಆಕೆಗೆ ದಿನಾ ಹನ್ನೊಂದಕ್ಕೆ ಇಲಾಖೆಯ ಆನ್‌ಲೈನ್ ತರಬೇತಿ. ಕೂತರೆ ನೆಟ್ಟೇ ಇಲ್ಲ. ಕೇಬಲ್ ಆಫೀಸಿಗೆ ಫೋನು ಮಾಡಿದಳು. ವಿನಯ್ ಕುಮಾರ್ ಎಂಬ ಲೈನ್‌ಮನ್ ಬೆಳಿಗ್ಗೆ ಏಳೂವರೆಗೆ ಬಂದ. ಶಾಂತಾದೇವಿ ಪೂಜೆಯಲ್ಲಿದ್ದರು. ಅವನು ಹೊಸಲಿನ ಆಚೆಯೇ ನಿಂತು ಮೊಬೈಲ್ ನೋಡಿ, “ಫುಲ್ ಐತಲ್ರೀ ಮೇಡಂ” ಎಂದು ಹೊರಟುಹೋದ. ಎರಡು ದಿನ ಬಿಟ್ಟು ಮತ್ತೆ ಅದೇ ಏಳೂವರೆಗೆ ಬಂದು, ಕಂಬ ಹತ್ತಿ ವೈರಿನ ತುದಿ ಕತ್ತರಿಸಿ ಬೇರೆ ಹಾಕಿ, “ಈಗ್ ನೋಡ್ರಿ” ಎಂದ. ನೋಡಿದರು, ಫುಲ್ ಇತ್ತು. ಹನ್ನೊಂದಕ್ಕೆ ಮತ್ತೆ ಇಲ್ಲ. ಕಲ್ಪನಾ ಮೂರನೇ ಸಲ ಫೋನು ಮಾಡಿ ದಬಾಯಿಸಿದ ಮೇಲೆ ಆಫೀಸಿನವರು ಬೇರೆಯವರನ್ನು ಕಳಿಸಿದರು.

ಬಂದವಳು ಯಶೋಧರಾ. ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗಿ, ಹೆಗಲಿಗೆ ಚೀಲ, ಸ್ಕೂಟಿಯ ಧೂಳು ಮುಖದ ಮೇಲೆ. ಬಂದದ್ದು ಸರಿಯಾಗಿ ಹನ್ನೊಂದಕ್ಕೆ. ಶಾಂತಾದೇವಿ ಅಕ್ಕನ ಬಳಗಕ್ಕೆ ಹೊರಟವರು ಬಾಗಿಲಲ್ಲೇ ನಿಂತರು.

“ಯಾವೂರವ್ವಾ ನಿಂದು?”

“ಜಗಳೂರು ಅಮ್ಮಾರೆ.”

“ಜಗಳೂರಾಗೆ ಯಾರ ಪೈಕಿ?”

“ವೈಫೈನೋರ ಪೈಕಿ” ಎಂದು ಯಶೋಧರಾ ನಕ್ಕು ಚೀಲ ಇಳಿಸಿದಳು. ಇದಕ್ಕಿಂತ ಹೆಚ್ಚಿನ ಉತ್ತರ ಸಿಗುವುದಿಲ್ಲ ಎಂದು ಶಾಂತಾದೇವಿಗೆ ತಿಳಿಯಿತು. ಬಳಗಕ್ಕೆ ಹೋಗುವುದು ಬಿಟ್ಟು ಒಳಗೆ ಚಹಾ ಇಡಲು ಹೋದರು. ಜಗಳೂರು ಎಂದದ್ದು ಕೇಳಿ ಕುರ್ಚಿಯಲ್ಲಿದ್ದ ಪಂಚಾಕ್ಷರಪ್ಪನವರು ಆಕೆಯ ಮುಖ ನೋಡಿದರು, ಮತ್ತೆ ಗೋಡೆಯ ಕಡೆ ತಿರುಗಿದರು.

ಯಶೋಧರಾ ಕಂಬವನ್ನೂ ನೋಡಲಿಲ್ಲ, ವೈರನ್ನೂ ಎಳೆಯಲಿಲ್ಲ. ಸ್ಟೂಲು ಎಳೆದುಕೊಂಡು ಪಂಚಾಕ್ಷರಪ್ಪನವರ ಎದುರು ಕೂತಳು. “ದಿನಪೂರ್ತಿ ಮನೇಲಿರೋರು ನೀವು. ನೀವ್ ಹೇಳ್ರಿ ಯಜಮಾನ್ರೇ, ಯಾವಾಗ್ಲಿಂದ ಹಿಂಗಾಗೈತೆ?”

“ಅವರಿಗೆ ಮಾತು ಬರಲ್ಲ” ಎಂದಳು ಕಲ್ಪನಾ ಮೆಲ್ಲಗೆ.

ಯಶೋಧರಾ ಪೆಚ್ಚಾದಳು. ತಪ್ಪಾಯ್ತು ಎಂದು ಕೈಮುಗಿದಳು. ಪಂಚಾಕ್ಷರಪ್ಪನವರಿಗೆ ಸಿಟ್ಟು ಬರಲಿಲ್ಲ, ಮಗಳ ಮಾತು ಚುಚ್ಚಿತು ಅಷ್ಟೇ. ಮಾತು ಬರಲ್ಲ. ಮನೆಯವರ ಬಾಯಲ್ಲೂ ಅದು ಇತ್ಯರ್ಥವಾಗಿಹೋಗಿತ್ತು.

ಅಷ್ಟರಲ್ಲಿ ಆಕೆಗೆ ಟಿವಿ ಪಕ್ಕದ ಡಬ್ಬಿ ಕಂಡಿತು. “ಇದೂ ನೆಟ್ಟಿನ ಮೇಲೇ ಓಡೋದು, ಇದನ್ನೇ ಕೇಳಾಣ” ಎಂದು ಹತ್ತಿರ ಹೋಗಿ, ಖಣಖಣ ಎನ್ನುವ ದನಿಯಲ್ಲಿ ಕರೆದು ಟೈಮು ಎಷ್ಟು ಎಂದು ಕೇಳಿದಳು. ದೀಪ ಗಿರಗಿರನೆ ಸುತ್ತಿತು. “ಕ್ಷಮಿಸಿ, ಏನೋ ತೊಂದರೆಯಾಗಿದೆ. ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ.”

ಪಂಚಾಕ್ಷರಪ್ಪನವರು ಕತ್ತು ತಿರುಗಿಸಿದರು. ಕಿವಿ ತಪ್ಪು ಕೇಳಿತೇ? ಹುಡುಗಿ ಇನ್ನೊಮ್ಮೆ ಕೇಳಿದಳು. ಅದೇ ಕ್ಷಮಿಸಿ, ಅದೇ ತೊಂದರೆ. ಎರಡು ತಿಂಗಳು ತಮಗೊಬ್ಬರಿಗೇ ಎಂದುಕೊಂಡಿದ್ದ ಮಾತು, ಗಂಟಲಲ್ಲಿ ಒಂದು ಕೊಂಕೂ ಇಲ್ಲದ ಜಗಳೂರಿನ ಹುಡುಗಿಗೆ ಚಾಚೂ ತಪ್ಪದೆ ಸಿಕ್ಕಿತ್ತು. ಅವರಿಗೆ ಎದ್ದು ನಿಲ್ಲಬೇಕೆನಿಸಿತು, ಕಾಲು ಏಳಲಿಲ್ಲ. ಕುರ್ಚಿಯ ತುದಿಗೆ ಸರಿದು ಕೂತು ಆಕೆಯನ್ನೇ ನೋಡತೊಡಗಿದರು.

ಯಶೋಧರಾ ಮೊಬೈಲನ್ನು ಆರತಿ ತಟ್ಟೆಯಂತೆ ಹಿಡಿದು ಮನೆಯೆಲ್ಲ ಸುತ್ತಿದಳು. ಪರದೆಯ ಮೇಲೆ ಒಂದು ಹಸಿರು ಗೆರೆ. ನಡುಮನೆಯಲ್ಲಿ ಅದು ನೆಲ ಕಚ್ಚಿತ್ತು. ಅಡಿಗೆಮನೆಯಲ್ಲಿ ಸತ್ತೇ ಹೋಗಿತ್ತು. “ಕಲ್ಲಿನ ಗೋಡೆ, ಎರಡಡಿ ದಪ್ಪ” ಎಂದು ಗೊಣಗಿದಳು. ಹಿತ್ತಾಳೆ ಬಾಗಿಲ ಎದುರು ನಿಂತಾಗ ಗೆರೆ ಒಂಚೂರು ಅಲುಗಿತು. ಆಕೆ ಬಾಗಿಲನ್ನು ಮೇಲಿಂದ ಕೆಳಗೆ ನೋಡಿದಳು. ಬಗ್ಗಿ, ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದಳು.

“ಒಳಗೈತಾ ರೂಟರ್?”

“ಹ್ಞೂಂ, ದೇವರ ಮನೆ” ಎಂದರು ಶಾಂತಾದೇವಿ ಚಹಾದ ಲೋಟದೊಂದಿಗೆ ಬಂದು. ಅವರ ದನಿಯಲ್ಲಿ ಒಂದು ಅಳುಕಿತ್ತು.

“ನಾನು ಒಳಗೆ ಬರಲ್ರೀ ಅಮ್ಮಾರೆ. ನೀವೇ ಬಾಗ್ಲು ತೆಗೀರಿ, ಅಷ್ಟು ಸಾಕು.”

ಶಾಂತಾದೇವಿ ಸೆರಗು ಹೊದ್ದು ಎರಡೂ ಬಾಗಿಲು ತೆರೆದರು. ಒಳಗೆ ನಂದಾದೀಪ, ಬಸವಣ್ಣನ ಪಟ, ಅದರ ಕೆಳಗೆ ಮೊನ್ನೆಯ ಆಯುಧಪೂಜೆಯ ಮೂರೆಳೆ ವಿಭೂತಿ ಬಳಿಸಿಕೊಂಡು, ನೆತ್ತಿಯ ಮೇಲೆ ಬಾಡಿದ ಸೇವಂತಿಗೆ ಇಟ್ಟುಕೊಂಡು ಕೂತ ರೂಟರ್. ಯಶೋಧರಾಳ ಮೊಬೈಲಿನಲ್ಲಿ ಹಸಿರು ಗೆರೆ ಎದ್ದು ನಿಂತಿತು.

“ಹಾಕ್ರಿ.” ಗೆರೆ ಮಲಗಿತು.

“ತೆಗೀರಿ.” ಗೆರೆ ಎದ್ದಿತು.

ನಾಲ್ಕು ಸಲ ಹಾಕಿ ತೆಗೆದರು. ಕಲ್ಪನಾ ಮೂಗಿನ ಮೇಲೆ ಬೆರಳಿಟ್ಟಳು. “ತಗಡು ಸಿಗ್ನಲ್ಲನ್ನ ಹೊರಗೆ ಬಿಡಲ್ಲ ಮೇಡಂ. ಮೊದ್ಲು ಮರದ್ದಿತ್ತಾ? ಅದಕ್ಕೇ ಆಗ ಬರ್ತಿತ್ತು” ಎಂದಳು ಯಶೋಧರಾ. “ಪೂಜೆ ಟೈಮಾಗೆ ಬಾಗ್ಲು ತೆಗೆದಿರ್ತದೆ, ವಿನಯ್ ಕುಮಾರ್ ಬಂದಾಗೆಲ್ಲ ಫುಲ್. ಅವನ್ದೂ ತಪ್ಪಿಲ್ಲ. ಯಾವಾಗ್ಲಿಂದ ಅಂತ ಒಂದು ನೋಡಿ ಬರ್ಕಂಡ್ರೆ ನನ್ ಕೆಲಸ ಮುಗೀತು. ಡಬ್ಬಿದು ಆಪ್ ನಿಮ್ ಫೋನಾಗೆ ಐತಲ್ಲ, ಅದ್ರಾಗೆ ಕೇಳಿದ್ದೆಲ್ಲ ಬರ್ಕಂಡಿರ್ತದೆ.”

ಕಲ್ಪನಾ ಫೋನು ತೆರೆದು ಹಿಂದಕ್ಕೆ ಸರಿಸುತ್ತ ಹೋದಳು. ಅವಳ ಹುಬ್ಬು ಗಂಟಿಕ್ಕಿತು. ಪಂಚಾಕ್ಷರಪ್ಪನವರಿಗೆ ಏನಾಗುತ್ತಿದೆ ಎಂದು ತಿಳಿದು, ಬೇಡ ಎಂದು ಎಡಗೈ ಎತ್ತುವುದರೊಳಗೆ ಅವಳು ಓದಲು ಶುರುಮಾಡಿದ್ದಳು.

“ಏಪ್ರಿಲ್, ಹನ್ನೊಂದು ಗಂಟೆ ನಾಲ್ಕು ನಿಮಿಷ, ನ್ಯಾಮತಿ. ಹನ್ನೊಂದು ಐದು, ನ್ಯಾಮತಿ. ಹನ್ನೊಂದು ಆರು, ನ್ಯಾಮತಿ. ಯವ್ವಾ, ಇದೇನಿದು, ಬರೀ ನ್ಯಾಮತಿ. ಮೇ, ಚನ್ನಗಿರಿ ಮಳೆ. ಸಾಸ್ವೆಹಳ್ಳಿ ಮಳೆ. ಸೂಳೆಕೆರೆ ಮಳೆ. ಜೂನ್, ಸೂರ... ಸೂರಗೊಂಡ... ಇಪ್ಪತ್ತೆಂಟು ಸಲ ಐತೆ.” ಅವಳು ತಲೆ ಎತ್ತಿ ಅಪ್ಪನನ್ನು ನೋಡಿದಳು. “ದಿನಾ ಹನ್ನೊಂದಕ್ಕೇ. ಭಾನುವಾರ ಬಿಟ್ರೆ ಒಂದು ದಿನಾನೂ ತಪ್ಪಿಲ್ಲ. ಅಪ್ಪಾಜಿ, ಇದು ನೀವಾ?”

ಪಂಚಾಕ್ಷರಪ್ಪನವರು ತಲೆ ತಗ್ಗಿಸಿದರು. ಕದ್ದು ಬೆಲ್ಲ ತಿಂದು ಸಿಕ್ಕಿಬಿದ್ದ ಹುಡುಗನ ಮುಖವಾಗಿತ್ತು ಅವರದು.

“ಕೊನೇದು ಯಾವಾಗ್ರೀ?” ಎಂದಳು ಯಶೋಧರಾ.

“ಶ್ರಾವಣ ಸೋಮವಾರ. ಮೂರನೇದು.”

ಶಾಂತಾದೇವಿ ಬಾಗಿಲ ಮೇಲಿನ ನಂದಿಯನ್ನು ನೋಡಿದರು, ಗಂಡನನ್ನು ನೋಡಿದರು. ಎಷ್ಟೊಂದು ಲೆಕ್ಕ ಒಟ್ಟಿಗೆ ಆ ಮುಖದಲ್ಲಿ ಹಾದುಹೋಯಿತು. ಉಪ್ಪು ಜಾಸ್ತಿ ಎಂದದ್ದು ಎಲ್ಲಿಂದ ಬಂತು, ಆಮೇಲೆ ಎಲ್ಲಿಗೆ ಹೋಯಿತು, ಎರಡೂ ಆಕೆಗೆ ಒಮ್ಮೆಗೇ ತಿಳಿದವು.

ಏನೂ ತಿಳಿಯದ ಯಶೋಧರಾ ಮಾತ್ರ ಡಬ್ಬಿಯ ಕಡೆ ಕೈ ತೋರಿಸಿ, “ಬಾಗ್ಲು ತೆಗೆದೈತೆ, ಈಗ ಕೇಳ್ರಿ ಯಜಮಾನ್ರೇ. ನಮ್ಮೂರ್ದೇ ಕೇಳ್ರಿ” ಎಂದಳು.

ಅವರಿಗೆ ಭಯವಾಯಿತು. ತಗಡಿನ ಮಾತು ತಗಡಿಗೆ ಸರಿ, ಎರಡು ತಿಂಗಳು ಬಾಯಿ ಮುಚ್ಚಿ ಕೂತದ್ದು ತಾವೇ ಅಲ್ಲವೇ? ಈಗ ಕೇಳಿದರೆ ಬಾರದೇ ಹೋದರೆ? ಹಳೆಯ ಧೈರ್ಯವನ್ನು ಎಲ್ಲಿಂದಲೋ ತಡಕಿ ತಂದು, “ಅ... ಲೋ” ಎಂದರು. ದನಿಗೆ ತುಕ್ಕು ಹಿಡಿದಿತ್ತು. “ಜ... ಗ... ಳೂ...” ನಿಂತಿತು. ನಾಲಿಗೆ ತಡವರಿಸಿತು. ಡಬ್ಬಿ, “ಕ್ಷಮಿಸಿ, ಅರ್ಥವಾಗಲಿಲ್ಲ. ಮತ್ತೊಮ್ಮೆ ಹೇಳಿ” ಎಂದಿತು.

ಆ ಮಾತು ಕೇಳಿ ಪಂಚಾಕ್ಷರಪ್ಪನವರು ನಕ್ಕರು. ಗಂಟಲಿಂದ ಹೊರಟ, ಸದ್ದಿರುವ ನಗು. ಮತ್ತೊಮ್ಮೆ ಹೇಳಿದರು. ಮೂರನೇ ಸಲಕ್ಕೆ ‘ಮಳೆ’ಯೂ ಸೇರಿ ಪೂರಾ ಬಂತು. ಡಬ್ಬಿ, “ಜಗಳೂರಿನಲ್ಲಿ ಇಂದು ಶುಭ್ರ ಆಕಾಶವಿದ್ದು, ಮಳೆಯ ಸಾಧ್ಯತೆ ಇಲ್ಲ” ಎಂದು ವಾರ್ತೆಯವರ ಗಾಂಭೀರ್ಯದಲ್ಲಿ ನುಡಿಯಿತು.

“ಬರೋಬ್ಬರಿ” ಎಂದಳು ಜಗಳೂರಿನವಳು. “ನಾಳೆ ವೈರ್ ತಂದು ರೂಟರ್‌ನ ನಡುಮನೆಗೆ ತರ್ತೀನಿ. ಅಲ್ಲೀಗಂಟ ಬಾಗ್ಲು ತೆಗೆದಿಡ್ರಿ, ಸಾಕು.”

ಶಾಂತಾದೇವಿಗೆ ಅದು ಕೇಳಿಸಲಿಲ್ಲ. ಚಹಾದ ಲೋಟ ಕೆಳಗಿಟ್ಟು ಬಾಗಿಲ ಬಳಿ ಹೋಗಿ, ತಗಡಿನ ಅಂಚಿಗೆ ಉಗುರು ಹಾಕಿ ಎಳೆಯತೊಡಗಿದರು. “ಕಲ್ಪನಾ, ಸ್ಕ್ರೂಡ್ರೈವರ್ ತಗಂಬಾ. ಇದನ್ನ ಈಗ್ಲೇ ಕಿತ್ತು ಹೊಳಿಗೆ ಹಾಕ್ತೀನಿ. ಕೊಟ್ಟಿದ್ದ ದೇವ್ರು, ಕೊಟ್ಟೇ ಇದ್ದ. ನನ್ ಕೈಯಾರೆ ನಾನೇ ಬಾಗ್ಲು ಹಾಕ್ದೆ. ಎರಡ್ ತಿಂಗಳು ದಿನಾ ಹತ್ತಕ್ಕೆ ಹಾಕ್ದೆ, ಚಿಲಕ ಜಡಿದು ಹಾಕ್ದೆ.” ಮೊನ್ನೆಯಷ್ಟೇ ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆಯ ಮೇಲೆ ಅವರ ಬೆರಳುಗಳು ಜಾರುತ್ತಿದ್ದವು. ಕಲ್ಪನಾ ಹಿಡಿದೆಳೆದರೂ ಬಿಡಲಿಲ್ಲ. ಯಶೋಧರಾ ಏನು ಮಾಡುವುದೆಂದು ತಿಳಿಯದೆ ಚೀಲದ ಪಟ್ಟಿ ಹಿಡಿದು ನಿಂತಳು.

“ಶಾಂ... ತಾ” ಎಂದರು ಪಂಚಾಕ್ಷರಪ್ಪನವರು.

ಆಕೆ ತಟ್ಟನೆ ತಿರುಗಿದರು. “ಏನ್ರೀ, ನೀರು ಬೇಕಾ? ಕಾಲು ಎಳೀತದಾ? ಮಲಗ್ತೀರಾ?”

ಅವರು ಎಡಗೈ ಎತ್ತಿ ಹಿಡಿದರು. ತಡಿ ಎನ್ನುವ ಕೈ. ಶಾಂತಾದೇವಿಯ ಬಾಯಿ ಇನ್ನೇನನ್ನೋ ಕೇಳಲು ತೆರೆದಿತ್ತು. ಬಹಳ ಕಷ್ಟಪಟ್ಟು ಆಕೆ ಅದನ್ನು ಮುಚ್ಚಿದರು.

ಪಂಚಾಕ್ಷರಪ್ಪನವರು ಕಣ್ಣು ಮುಚ್ಚಿದರು. ಹೇಳಬೇಕಾದದ್ದು ಒಳಗೆಲ್ಲೋ ದೂರದಲ್ಲಿ ನಿಂತಿತ್ತು, ಬಿಸಿಲಲ್ಲಿ, ಚೀಲ ಹಿಡಿದುಕೊಂಡು. ಅದು ನಿಧಾನಕ್ಕೆ ನಡೆದು ಬರಲಿ ಎಂದು ಅವರು ಕಾದರು. ಮನೆ ಪೂರ್ತಿ ಕಾಯಿತು. ಹೊರಗೆ ಓಣಿಯಲ್ಲಿ ಯಾರೋ ಸೊಪ್ಪು ಮಾರುತ್ತ ಹೋದರು.

“ಬಾ... ಗಿಲು,” ಎಂದರು. ಉಸಿರು ತೆಗೆದುಕೊಂಡರು. “ಚೆ... ನ್ನಾಗೈತೆ.”

ಶಾಂತಾದೇವಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

“ಕೀ... ಳ್ಬ್ಯಾಡ. ತೆ... ಗೆದಿಡು.”

“ಆತ್ರೀ” ಎಂದರು ಶಾಂತಾದೇವಿ. ಕೈ ಬಾಗಿಲ ಮೇಲಿಂದ ಕೆಳಗಿಳಿಯಿತು. “ತೆಗೆದೇ ಇಡ್ತೀನಿ. ಇಷ್ಟೇನಾ ಹೇಳಾಕಿದ್ದದ್ದು?”

ಪಂಚಾಕ್ಷರಪ್ಪನವರು ಅಲ್ಲವೆಂದು ತಲೆಯಾಡಿಸಿದರು. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು, ಆದರೂ ಮುಖ ತಿಳಿಯಾಗಿತ್ತು.

“ಇ... ನ್ನೂ ಐತೆ” ಎಂದರು. “ಬಾ... ಳ ಐತೆ.”

ಶಾಂತಾದೇವಿ ಸ್ಟೂಲು ಎಳೆದುಕೊಂಡು ಗಂಡನ ಎದುರಿಗೆ ಕೂತರು.